ಎಡ್ವರ್ಡ್ ರಿಕೆಟ್ಸ್

ಎಡ್ವರ್ಡ್ ಫ್ಲಾಂಡರ್ಸ್ ರಾಬ್ ರಿಕೆಟ್ಸ್ (ಜನನ: ಮೇ 14, 1897 – ಮರಣ: ಮೇ 11, 1948) ಅಮೆರಿಕ ಸಂಯುಕ್ತ ಸಂಸ್ಥಾನದ ಸಾಗರ ಜೀವವಿಜ್ಞಾನಿ ಮತ್ತು ಪರಿಸರ ವಿಜ್ಞಾನಿ. ಎಡ್ ರಿಕೆಟ್ಸ್ ಎಂಬ ಹೆಸರಿನಿಂದಲೇ ಅವರು ಹೆಚ್ಚು ಪರಿಚಿತರು. ಕ್ಯಾಲಿಫೋರ್ನಿಯಾದ ಮಾಂಟೆರೆ ಪಟ್ಟಣದಲ್ಲಿ ಸಣ್ಣದೊಂದು ಪ್ರಯೋಗಾಲಯವನ್ನು ನಡೆಸುತ್ತಿದ್ದ ಅವರು, ಶಾಂತಸಾಗರದ ಪೂರ್ವ ಕರಾವಳಿಯ ಅಕಶೇರುಕ ಜೀವಿಗಳನ್ನು ಅವುಗಳ ನೆಲೆಯ ಆಧಾರದ ಮೇಲೆ ವಿವರಿಸುವ 'ಬಿಟ್ವೀನ್ ಪೆಸಿಫಿಕ್ ಟೈಡ್ಸ್' (1939) ಎಂಬ ಗ್ರಂಥವನ್ನು ರಚಿಸಿದರು. ಮಾಂಟೆರೆಯ ಸಾರ್ಡೀನ್ ಮೀನುಗಾರಿಕೆ ಕುಸಿದುಬಿದ್ದಾಗ ಅದರ ಕಾರಣಗಳನ್ನು ಕಡಲಿನ ಸ್ಥಿತಿ ಮತ್ತು ಮನುಷ್ಯನ ನಡತೆ ಎರಡರಲ್ಲಿಯೂ ಹುಡುಕಿದ ಮೊದಲಿಗರಲ್ಲಿ ಅವರೂ ಒಬ್ಬರು. ನೊಬೆಲ್ ಪ್ರಶಸ್ತಿ ಪುರಸ್ಕೃತ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಅವರ ಆಪ್ತಮಿತ್ರರಾಗಿದ್ದ ರಿಕೆಟ್ಸ್, 'ಕ್ಯಾನರಿ ರೋ' ಕಾದಂಬರಿಯ ಡಾಕ್ ಎಂಬ ಪಾತ್ರಕ್ಕೆ ಮೂಲ ವ್ಯಕ್ತಿ. ಈ ಪಾತ್ರದ ಜನಪ್ರಿಯತೆಯಿಂದಾಗಿ ಬಹುಕಾಲ ಅವರ ವೈಜ್ಞಾನಿಕ ಕಾರ್ಯವು ಮರೆಯಲ್ಲಿಯೇ ಉಳಿಯಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಿಕೆಟ್ಸ್ ಇಲಿನಾಯ್ ರಾಜ್ಯದ ಷಿಕಾಗೊ ನಗರದಲ್ಲಿ ಜನಿಸಿದರು. ತಂದೆ ಅಬಟ್ ರಿಕೆಟ್ಸ್, ತಾಯಿ ಆಲಿಸ್. ಮೂವರು ಮಕ್ಕಳಲ್ಲಿ ಎಡ್ವರ್ಡ್ ಹಿರಿಯರು. ಫ್ರಾನ್ಸೆಸ್ ಎಂಬ ತಂಗಿಯೂ ಥೇಯರ್ ಎಂಬ ತಮ್ಮನೂ ಇದ್ದರು. ಬಾಲ್ಯದಲ್ಲಿ ಸುಮಾರು ಒಂದು ವರ್ಷವನ್ನು ದಕ್ಷಿಣ ಡಕೋಟದ ಮಿಚೆಲ್ ಎಂಬ ಊರಿನಲ್ಲಿ ಕಳೆದುದನ್ನು ಬಿಟ್ಟರೆ ಅವರು ಬೆಳೆದುದು ಷಿಕಾಗೊದಲ್ಲಿಯೇ. ಸಮುದ್ರದಿಂದ ಅಷ್ಟು ದೂರದಲ್ಲಿ ಹುಟ್ಟಿ ಬೆಳೆದವರೊಬ್ಬರು ಮುಂದೆ ಕಡಲ ತೀರದ ಬಂಡೆಗಳ ನಡುವೆ ಆಯುಷ್ಯವನ್ನು ಸವೆಸಿದುದು ಗಮನಾರ್ಹವಾದ ಸಂಗತಿ.

ಶಾಲಾ ಶಿಕ್ಷಣದ ಅನಂತರ ಒಂದು ವರ್ಷ ಇಲಿನಾಯ್ ರಾಜ್ಯದ ಶಿಕ್ಷಕರ ತರಬೇತಿ ವಿಶ್ವವಿದ್ಯಾಲಯದಲ್ಲಿ ಓದಿ, ಬಳಿಕ ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೊಗಳಲ್ಲಿ ಚಿಕ್ಕಪುಟ್ಟ ಕೆಲಸಗಳನ್ನು ಮಾಡಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ವೈದ್ಯಕೀಯ ದಳದಲ್ಲಿ ಸೇವೆ ಸಲ್ಲಿಸಿ 1919ರಲ್ಲಿ ಬಿಡುಗಡೆ ಹೊಂದಿದ ಮೇಲೆ ಷಿಕಾಗೊ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿನ ವ್ಯಾಸಂಗವೂ ಎಡೆಬಿಡದೆ ಸಾಗಲಿಲ್ಲ. ನಡುವೆ ಒಮ್ಮೆ ಓದನ್ನು ಬದಿಗಿರಿಸಿ ಇಂಡಿಯಾನ, ಕೆಂಟಕಿ, ಉತ್ತರ ಕೆರೊಲಿನ ಮತ್ತು ಜಾರ್ಜಿಯ ರಾಜ್ಯಗಳ ಮೂಲಕ ಕಾಲ್ನಡಿಗೆಯಲ್ಲಿ ಸಂಚರಿಸಿದರು. ಆ ಅಲೆದಾಟದ ಕಥನವು 1925ರಲ್ಲಿ ಪ್ರವಾಸ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ವಿಶ್ವವಿದ್ಯಾಲಯದಿಂದ ಅವರು ಪದವಿಯನ್ನು ಪಡೆಯಲೇ ಇಲ್ಲ. ಪದವಿಯಿಲ್ಲದವರು ಎಂಬ ಕೊರತೆ ಮುಂದೆ ಅವರ ಕೃತಿಗಳ ಸ್ವೀಕಾರಕ್ಕೆ ಪದೇ ಪದೇ ಅಡ್ಡಿಯಾಯಿತು.

ಷಿಕಾಗೊದಲ್ಲಿ ಅವರಿಗೆ ದೊರೆತ ದೊಡ್ಡ ಲಾಭವೆಂದರೆ ವಾರ್ಡರ್ ಕ್ಲೈಡ್ ಆಲಿ ಎಂಬ ಪ್ರಾಧ್ಯಾಪಕರ ಪಾಠ. ಪ್ರಾಣಿಗಳು ಒಟ್ಟುಗೂಡಿ ಬಾಳುವುದರಿಂದ ಅವುಗಳ ಉಳಿವಿಗೆ ಆಗುವ ಸಹಾಯವನ್ನು ಆಲಿ ಪರಿಶೀಲಿಸುತ್ತಿದ್ದರು. ಜೀವಿಗಳ ನಡುವಣ ಪೈಪೋಟಿಯನ್ನೇ ಎತ್ತಿ ಹೇಳುವುದು ವಾಡಿಕೆಯಾಗಿದ್ದ ಆ ಕಾಲದಲ್ಲಿ, ಗುಂಪು ಎಂಬುದು ಬಿಡಿಜೀವಿಗಳ ಕೇವಲ ಮೊತ್ತವಲ್ಲ ಎಂಬ ಈ ನಿಲುವು ರಿಕೆಟ್ಸ್ ಅವರ ಮನಸ್ಸಿನಲ್ಲಿ ಕೊನೆಯವರೆಗೂ ನಿಂತಿತು. ಬಂಡೆಯ ಮೇಲಿನ ಜೀವಿಸಮೂಹವನ್ನಾಗಲಿ ಬಂದರಿನ ಮೀನುಗಾರ ಸಮುದಾಯವನ್ನಾಗಲಿ ಅವರು ನೋಡಿದುದು ಇದೇ ದೃಷ್ಟಿಯಿಂದ.

ಪೆಸಿಫಿಕ್ ಬಯಲಾಜಿಕಲ್ ಲ್ಯಾಬೊರೇಟರೀಸ್

1922ರಲ್ಲಿ ರಿಕೆಟ್ಸ್ ಅವರು ಆನ್ನ ಬಾರ್ಬರ ಮೇಕರ್ ಅವರನ್ನು ವಿವಾಹವಾದರು. ಮರುವರ್ಷ ಮಗ ಹುಟ್ಟಿದ ಮೇಲೆ ಕುಟುಂಬವು ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋಯಿತು. ಅನಂತರದ ವರ್ಷಗಳಲ್ಲಿ ನ್ಯಾನ್ಸಿ ಮತ್ತು ಕಾರ್ನೀಲಿಯ ಎಂಬ ಇಬ್ಬರು ಹೆಣ್ಣುಮಕ್ಕಳು ಜನಿಸಿದರು. ಕಾಲೇಜಿನ ಗೆಳೆಯ ಆಲ್ಬರ್ಟ್ ಗ್ಯಾಲಿಗರ್ ಅವರೊಡನೆ ಸೇರಿ ಪೆಸಿಫಿಕ್ ಗ್ರೋವ್ ಎಂಬಲ್ಲಿ ಪೆಸಿಫಿಕ್ ಬಯಲಾಜಿಕಲ್ ಲ್ಯಾಬೊರೇಟರೀಸ್ ಎಂಬ ಉದ್ಯಮವನ್ನು ಆರಂಭಿಸಿದರು. ಸ್ವಲ್ಪ ಕಾಲದಲ್ಲಿಯೇ ಗ್ಯಾಲಿಗರ್ ಹೊರಬಂದರು, ರಿಕೆಟ್ಸ್ ಒಬ್ಬರೇ ಮಾಲೀಕರಾದರು. 1928ರ ಸುಮಾರಿಗೆ ಪ್ರಯೋಗಾಲಯವು ನೆರೆಯ ಮಾಂಟೆರೆಯ ಓಷನ್ ವ್ಯೂ ಬೀದಿಗೆ ಸ್ಥಳಾಂತರಗೊಂಡಿತು. ಮೀನನ್ನು ಬೇಯಿಸಿ ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆಗಳು ಸಾಲಾಗಿ ನಿಂತಿದ್ದ ಈ ಬೀದಿಯೇ ಕ್ಯಾನರಿ ರೋ.

ಪ್ರಯೋಗಾಲಯವೆಂದು ಹೆಸರಿದ್ದರೂ ಅದು ಒಂದು ವ್ಯಾಪಾರ. ಶಾಲಾ ಕಾಲೇಜುಗಳ ಜೀವಶಾಸ್ತ್ರ ತರಗತಿಗಳಿಗೆ ಬೇಕಾದ ಪ್ರಾಣಿಗಳನ್ನು ಸಂಗ್ರಹಿಸಿ, ಕೆಡದಂತೆ ಸಂಸ್ಕರಿಸಿ, ದೇಶದ ಮೂಲೆ ಮೂಲೆಗೂ ಕಳುಹಿಸುವುದು ಅಲ್ಲಿನ ಕೆಲಸ. ನಕ್ಷತ್ರಮೀನು, ಅಷ್ಟಪದಿ, ಜೆಲ್ಲಿಮೀನು, ಚಿಕ್ಕ ಜಾತಿಯ ಶಾರ್ಕುಗಳು, ಕಪ್ಪೆ, ಬೆಕ್ಕು, ಸೂಕ್ಷ್ಮದರ್ಶಕದಲ್ಲಿ ನೋಡುವ ಗಾಜಿನ ಪಟ್ಟಿಗಳು ಎಲ್ಲವೂ ಅಲ್ಲಿ ಮಾರಾಟಕ್ಕಿದ್ದವು. ಸಮುದ್ರವು ಅತ್ಯಂತ ಹಿಂದೆ ಸರಿಯುವ ಇಳಿತದ ಹೊತ್ತು ಕೆಲವೊಮ್ಮೆ ನಡುರಾತ್ರಿಯಲ್ಲಿ, ಕೆಲವೊಮ್ಮೆ ಮುಂಜಾವದಲ್ಲಿ ಬರುತ್ತದೆ. ಸಂಗ್ರಾಹಕನ ದಿನಚರಿಯನ್ನು ಗಡಿಯಾರಕ್ಕಿಂತ ಹೆಚ್ಚಾಗಿ ಚಂದ್ರನೇ ನಿರ್ಧರಿಸುತ್ತಿದ್ದ. ವ್ಯಾಪಾರದಿಂದ ರಿಕೆಟ್ಸ್ ಅವರಿಗೆ ಹಣ ಒದಗಿದುದು ಅಷ್ಟಕ್ಕಷ್ಟೇ. ಆದರೆ ವರ್ಷಾನುಗಟ್ಟಲೆ ಅದೇ ಬಂಡೆಗಳಿಗೆ ಮತ್ತೆ ಮತ್ತೆ ಹೋಗಬೇಕಾಗಿ ಬಂದುದರಿಂದ ಯಾವ ಪ್ರಾಣಿ ಎಲ್ಲಿ, ಯಾವುದರ ಜೊತೆಯಲ್ಲಿ, ಯಾವ ಎತ್ತರದಲ್ಲಿ ವಾಸಿಸುತ್ತದೆ ಎಂಬ ತಿಳಿವಳಿಕೆ ಅವರಲ್ಲಿ ತಾನಾಗಿಯೇ ಕೂಡುತ್ತ ಬಂದಿತು.

ಪ್ರಯೋಗಾಲಯವು ಬರಹಗಾರರು, ಚಿತ್ರಕಾರರು, ವಿದ್ಯಾರ್ಥಿಗಳು, ನಿರುದ್ಯೋಗಿಗಳು ಕೂಡುವ ತಾಣವೂ ಆಗಿತ್ತು. ಬಾಕ್ ಅವರ ಸಂಗೀತವೂ ಗ್ರೆಗೋರಿಯನ್ ಪ್ರಾರ್ಥನಾ ಗಾನವೂ ಅಲ್ಲಿ ಕೇಳಿಸುತ್ತಿದ್ದವು. 1930ರಲ್ಲಿ ಸ್ಟೈನ್‌ಬೆಕ್ ಅವರ ಪರಿಚಯವಾಯಿತು. ಮುಂದೆ ಪುರಾಣಶಾಸ್ತ್ರದ ವಿದ್ವಾಂಸರೆಂದು ಹೆಸರಾದ ಜೋಸೆಫ್ ಕ್ಯಾಂಬೆಲ್ ಅವರು 1932ರಲ್ಲಿ ಇಲ್ಲಿಗೆ ಬಂದು, ಅದೇ ಬೇಸಿಗೆಯಲ್ಲಿ ರಿಕೆಟ್ಸ್ ಮತ್ತು ಜ್ಯಾಕ್ ಕ್ಯಾಲ್ವಿನ್ ಅವರೊಡನೆ ಗ್ರಾಂಪಸ್ ಎಂಬ ಚಿಕ್ಕ ದೋಣಿಯಲ್ಲಿ ಅಲಾಸ್ಕದ ತೀರದವರೆಗೆ ಪ್ರಯಾಣ ಮಾಡಿದರು. ಅಲೆಗಳ ಹೊಡೆತವು ತೀರದ ಜೀವಿಗಳ ಹಂಚಿಕೆಯನ್ನು ಹೇಗೆ ನಿರ್ಧರಿಸುತ್ತದೆ ಎಂಬ ಬಗ್ಗೆ ರಿಕೆಟ್ಸ್ ಒಂದು ಪ್ರಬಂಧವನ್ನು ಬರೆದುದು ಈ ಕಾಲದಲ್ಲಿಯೇ.

1936ರ ನವೆಂಬರ್ 25ರಂದು ಪಕ್ಕದ ಮೀನು ಕಾರ್ಖಾನೆಗೆ ಬೆಂಕಿ ಹತ್ತಿ ಪ್ರಯೋಗಾಲಯವೂ ಸುಟ್ಟುಹೋಯಿತು. ಪುಸ್ತಕಗಳು, ಟಿಪ್ಪಣಿಗಳು, ಪತ್ರಗಳು, ಸಂಗ್ರಹಿಸಿಟ್ಟಿದ್ದ ಮಾದರಿಗಳು ಎಲ್ಲವೂ ನಾಶವಾದವು. 'ಬಿಟ್ವೀನ್ ಪೆಸಿಫಿಕ್ ಟೈಡ್ಸ್' ಗ್ರಂಥದ ಹಸ್ತಪ್ರತಿಯನ್ನು ಅದಾಗಲೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಕಾಶನಕ್ಕೆ ಕಳುಹಿಸಿಯಾಗಿತ್ತು. ಉಳಿದುದು ಅದೊಂದೇ ಭಾಗ್ಯ. ಅದೇ ಸ್ಥಳದಲ್ಲಿ ಪ್ರಯೋಗಾಲಯವನ್ನು ಮರಳಿ ಕಟ್ಟಲಾಯಿತು. ಅದನ್ನು ಉಳಿಸಿಕೊಳ್ಳಲು ಹಣದ ನೆರವು ನೀಡಿದ ಸ್ಟೈನ್‌ಬೆಕ್ ಅವರು ಮುಂದೆ ಪಾಲುದಾರರೂ ಆದರು.

ಬಿಟ್ವೀನ್ ಪೆಸಿಫಿಕ್ ಟೈಡ್ಸ್

ಅಂದಿನ ಪ್ರಾಣಿಶಾಸ್ತ್ರದ ಗ್ರಂಥಗಳು ಜೀವಿಗಳನ್ನು ಅವುಗಳ ವಂಶಾನುಕ್ರಮದಲ್ಲಿ ವಿವರಿಸುತ್ತಿದ್ದವು. ಮೊದಲು ಸ್ಪಂಜು ಪ್ರಾಣಿಗಳು, ಅನಂತರ ಜೆಲ್ಲಿಮೀನಿನ ಬಳಗ, ಬಳಿಕ ಹುಳುಗಳು, ಚಿಪ್ಪುಜೀವಿಗಳು, ಏಡಿ ಸಿಗಡಿಗಳು, ಹೀಗೆ. ತೀರದಲ್ಲಿ ನಿಂತು ಅಪರಿಚಿತ ಪ್ರಾಣಿಯೊಂದನ್ನು ಕಂಡವನಿಗೆ ಇಂತಹ ಪುಸ್ತಕದಿಂದ ಆಗುವ ಪ್ರಯೋಜನ ಕಡಿಮೆ. ಅದು ಯಾವ ವಂಶಕ್ಕೆ ಸೇರಿದುದೆಂದು ಮೊದಲೇ ಗೊತ್ತಿದ್ದವನು ಮಾತ್ರ ಸರಿಯಾದ ಪುಟವನ್ನು ತೆರೆಯಬಲ್ಲ. ರಿಕೆಟ್ಸ್ ಈ ಕ್ರಮವನ್ನು ಕೈಬಿಟ್ಟು, ನೋಡುಗನು ನಿಂತಿರುವ ಜಾಗದಿಂದಲೇ ಪುಸ್ತಕವನ್ನು ಆರಂಭಿಸಿದರು. ಅಲೆಗಳ ಪೂರ್ಣ ಹೊಡೆತಕ್ಕೆ ತೆರೆದಿರುವ ಹೊರತೀರ, ಬಂಡೆಗಳ ಅಡ್ಡದಿಂದ ಕೊಂಚ ರಕ್ಷಣೆ ಪಡೆದ ತೀರ, ಕೊಲ್ಲಿ ಮತ್ತು ಅಳಿವೆಗಳು, ಬಂದರು ಕಟ್ಟೆಯ ಕಂಬಗಳು ಎಂದು ನೆಲೆಗಳನ್ನು ವಿಂಗಡಿಸಿ, ಒಂದೊಂದರಲ್ಲಿಯೂ ಬಂಡೆ, ಮರಳು, ಕೆಸರುಗಳೆಂಬ ತಳಭೇದವನ್ನು ಗುರುತಿಸಿ, ಮತ್ತೆ ಉಬ್ಬರವಿಳಿತದ ಎತ್ತರಕ್ಕೆ ಅನುಸಾರವಾಗಿ ಮೇಲಿನಿಂದ ಕೆಳಕ್ಕೆ ಪಟ್ಟಿಗಳನ್ನಾಗಿ ಮಾಡಿದರು.

ಈ ಏರ್ಪಾಡಿನ ಹಿಂದೆ ಒಂದು ಸಿದ್ಧಾಂತವಿದೆ. ತೀರದ ಪ್ರಾಣಿಯು ಎಲ್ಲಿ ಬದುಕಬಲ್ಲದು ಎಂಬುದನ್ನು ಮುಖ್ಯವಾಗಿ ಮೂರು ಅಂಶಗಳು ನಿರ್ಧರಿಸುತ್ತವೆ: ಅಲೆಯ ಹೊಡೆತ, ತಳದ ಸ್ವರೂಪ, ಮತ್ತು ನೀರು ಇಳಿದಾಗ ಗಾಳಿ ಬಿಸಿಲುಗಳಿಗೆ ಮೈಯೊಡ್ಡಬೇಕಾದ ಅವಧಿ. ಇವು ಮೂರೂ ಒಂದೇ ಆಗಿರುವೆಡೆ, ನೂರಾರು ಮೈಲಿಗಳ ಅಂತರದಲ್ಲಿಯೂ ಸರಿಸುಮಾರು ಅದೇ ಬಗೆಯ ಜೀವಿಸಮುದಾಯ ಕಾಣಿಸುತ್ತದೆ. ಬಂಡೆಗೆ ಅಂಟಿದ ಬಾರ್ನಕಲ್, ಅದರ ಕೆಳಗಿನ ಚಿಪ್ಪುಗಳ ಹಾಸು, ಆ ಹಾಸನ್ನು ತಿನ್ನಲು ಕೆಳಗಿನಿಂದ ಏರಿಬರುವ ನಕ್ಷತ್ರಮೀನು ಇವುಗಳನ್ನು ಬಿಡಿಬಿಡಿಯಾಗಿ ನೋಡದೆ, ಯಾವುದು ಯಾವುದನ್ನು ತಿನ್ನುತ್ತದೆ, ಯಾವುದು ಯಾವುದರ ಆಸರೆಯಲ್ಲಿದೆ ಎಂದು ನೋಡಿದರೆ ಮಾತ್ರ ತೀರವು ಅರ್ಥವಾಗುತ್ತದೆ ಎಂಬುದು ಗ್ರಂಥದ ಒಟ್ಟು ಅಭಿಪ್ರಾಯ. ಜೀವಿಪರಿಸರದ ಅಧ್ಯಯನವು ಇನ್ನೂ ಎಳೆಯದಾಗಿದ್ದ ದಿನಗಳಲ್ಲಿ ಸಾಮಾನ್ಯ ಓದುಗನ ಕೈಗೆ ಇಂತಹ ಪುಸ್ತಕವನ್ನು ಕೊಡುವುದು ಸಾಹಸವೇ ಆಗಿತ್ತು.

ಬರಹದಲ್ಲಿ ಜ್ಯಾಕ್ ಕ್ಯಾಲ್ವಿನ್ ಸಹಲೇಖಕರಾಗಿ ನೆರವಾದರು. ರೇಖಾಚಿತ್ರಗಳನ್ನು ರಿಚಿ ಲವ್‌ಜಾಯ್ ಬರೆದರು. ಹಸ್ತಪ್ರತಿಯು ವರ್ಷಗಟ್ಟಲೆ ಪ್ರಕಾಶಕರ ಬಳಿ ಉಳಿಯಿತು. ಪೆಸಿಫಿಕ್ ಗ್ರೋವ್‌ನಲ್ಲಿರುವ ಹಾಪ್ಕಿನ್ಸ್ ಸಾಗರ ಕೇಂದ್ರದ ನಿರ್ದೇಶಕರಾಗಿದ್ದ ಡಬ್ಲ್ಯು. ಕೆ. ಫಿಷರ್ ಅವರಂತಹ ಹಿರಿಯ ಪ್ರಾಣಿಶಾಸ್ತ್ರಜ್ಞರಿಗೆ ನೆಲೆಯಾಧಾರಿತ ವಿಂಗಡಣೆ ಸರಿತೋರಲಿಲ್ಲ. ಲೇಖಕರು ವೃತ್ತಿನಿರತ ವಿದ್ವಾಂಸರಲ್ಲ ಎಂಬ ಅಳುಕೂ ಇತ್ತು. ಕೊನೆಗೆ 1939ರಲ್ಲಿ ಪ್ರಕಟವಾದ ಈ ಪುಸ್ತಕವು ಕಾಲಕ್ರಮದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ವಿದ್ಯಾರ್ಥಿಗಳಿಗೆ ಕೈಪಿಡಿಯಾಯಿತು. ರಿಕೆಟ್ಸ್ ಅವರ ಮರಣಾನಂತರ ಜೋಯೆಲ್ ಹೆಜ್‌ಪೆತ್ ಅದನ್ನು ಪರಿಷ್ಕರಿಸಿದರು; ಐದನೆಯ ಆವೃತ್ತಿಯು 1985ರಲ್ಲಿ ಹೊರಬಂದಿತು.

ಕ್ಯಾಲಿಫೋರ್ನಿಯ ಕೊಲ್ಲಿಯ ಯಾತ್ರೆ

1940ರ ಮಾರ್ಚ್ 11ರಂದು ರಿಕೆಟ್ಸ್ ಮತ್ತು ಸ್ಟೈನ್‌ಬೆಕ್ ಅವರು ವೆಸ್ಟರ್ನ್ ಫ್ಲೈಯರ್ ಎಂಬ ಸಾರ್ಡೀನ್ ಹಿಡಿಯುವ ಪರ್ಸೀನ್ ದೋಣಿಯನ್ನು ಬಾಡಿಗೆಗೆ ಪಡೆದು ಮಾಂಟೆರೆಯಿಂದ ಹೊರಟರು. ಟೋನಿ ಬೆರಿ ದೋಣಿಯ ನಾಯಕರು. ಮೆಕ್ಸಿಕೊ ದೇಶದ ಬಾಹ ಕ್ಯಾಲಿಫೋರ್ನಿಯ ಪರ್ಯಾಯದ್ವೀಪವನ್ನು ಬಳಸಿ, ಕೋರ್ಟೆಸ್ ಸಮುದ್ರವೆಂದೂ ಹೆಸರಿರುವ ಕ್ಯಾಲಿಫೋರ್ನಿಯ ಕೊಲ್ಲಿಯನ್ನು ಪ್ರವೇಶಿಸಿ, ತೀರದಿಂದ ತೀರಕ್ಕೆ ಇಳಿಯುತ್ತ ಸುಮಾರು ಆರು ವಾರಗಳ ಕಾಲ ಜೀವಿಗಳನ್ನು ಸಂಗ್ರಹಿಸಿದರು. ಏಪ್ರಿಲ್ 20ರಂದು ಯಾತ್ರೆ ಮುಗಿಯುವ ವೇಳೆಗೆ ಐನೂರಕ್ಕೂ ಹೆಚ್ಚು ಪ್ರಭೇದಗಳು ಸಂಗ್ರಹವಾಗಿದ್ದವು. ಲಾ ಪಾಸ್ ಪಟ್ಟಣದಲ್ಲಿ ಕೇಳಿದ ಮುತ್ತಿನ ಕಥೆಯೊಂದು ಸ್ಟೈನ್‌ಬೆಕ್ ಅವರ 'ದ ಪರ್ಲ್' ಎಂಬ ಕಿರುಕಾದಂಬರಿಗೆ ಬೀಜವಾಯಿತು.

ಇಬ್ಬರ ಹೆಸರಿನಲ್ಲಿ 1941ರಲ್ಲಿ ಪ್ರಕಟವಾದ 'ಸೀ ಆಫ್ ಕೋರ್ಟೆಸ್' ಗ್ರಂಥದ ಮೊದಲರ್ಧ ಯಾತ್ರಾಕಥನ, ಉಳಿದರ್ಧ ಜೀವಿಗಳ ವಿವರವಾದ ಪಟ್ಟಿ. ಪಟ್ಟಿಯು ರಿಕೆಟ್ಸ್ ಅವರದು. ಕಥನವನ್ನು ಸ್ಟೈನ್‌ಬೆಕ್ ಬರೆದರಾದರೂ ಅದಕ್ಕೆ ಮುಖ್ಯ ಆಧಾರ ರಿಕೆಟ್ಸ್ ಇಟ್ಟಿದ್ದ ದಿನಚರಿ. ಅಲ್ಲಿನ ಅತ್ಯಂತ ಚರ್ಚಿತವಾದ ತಾತ್ತ್ವಿಕ ಅಧ್ಯಾಯವಂತೂ ರಿಕೆಟ್ಸ್ ಹಿಂದೆಯೇ ಬರೆದಿಟ್ಟಿದ್ದ ಪ್ರಬಂಧದ ಬಹುಮಟ್ಟಿನ ನಕಲು. ಒಂದು ಸಂಗತಿ ಏಕೆ ಹೀಗಾಯಿತು, ಯಾರ ತಪ್ಪು ಎಂದು ಅವಸರದಿಂದ ಕೇಳುವ ಮೊದಲು, ಅದು ಏನಾಗಿದೆ, ಹೇಗಿದೆ ಎಂದು ಪೂರ್ಣವಾಗಿ ನೋಡಬೇಕೆಂಬುದು ಆ ಪ್ರಬಂಧದ ಸಾರ. ಯಾತ್ರೆಯಲ್ಲಿ ಸ್ಟೈನ್‌ಬೆಕ್ ಅವರ ಪತ್ನಿ ಕ್ಯಾರೊಲ್ ಉದ್ದಕ್ಕೂ ಜೊತೆಯಲ್ಲಿದ್ದರೂ ಕಥನದಲ್ಲಿ ಅವರ ಹೆಸರು ಒಮ್ಮೆಯೂ ಬರುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕಾಗುತ್ತದೆ.

ಮನುಷ್ಯನು ಕಡಲಿನ ಮೇಲೆ ಬೀರುವ ಪ್ರಭಾವವು ಕಣ್ಣಿಗೆ ಕಟ್ಟುವಂತೆ ಬರುವುದು ಗ್ವಾಯ್ಮಾಸ್ ಬಂದರಿನ ಹತ್ತಿರದ ಪ್ರಸಂಗದಲ್ಲಿ. ಅಲ್ಲಿ ಜಪಾನಿನ ಸಿಗಡಿ ದೋಣಿಗಳ ಪಡೆಯೊಂದು ತಳವನ್ನು ಗೋರುವ ಟ್ರಾಲ್ ಬಲೆಗಳನ್ನು ಎಳೆಯುತ್ತಿತ್ತು. ಬೇಕಾಗಿದ್ದುದು ಸಿಗಡಿ ಮಾತ್ರ; ಬಲೆಯಲ್ಲಿ ಬಂದ ಇತರ ಮೀನುಗಳನ್ನೆಲ್ಲ ಸತ್ತ ಮೇಲೆ ನೀರಿಗೆ ಎಸೆಯಲಾಗುತ್ತಿತ್ತು. ರಿಕೆಟ್ಸ್ ಮತ್ತು ಸ್ಟೈನ್‌ಬೆಕ್ ಆ ಹಡಗನ್ನೇರಿ, ಎಸೆಯಲಿದ್ದ ರಾಶಿಯಿಂದ ಮಾದರಿಗಳನ್ನು ಆರಿಸಿಕೊಂಡರು. ಹಡಗಿನಲ್ಲಿದ್ದವರು ಸಜ್ಜನರು, ಅತಿಥಿಗಳನ್ನು ಆದರಿಸಿದರು. ಆದರೂ ಅವರು ಮಾಡುತ್ತಿದ್ದ ಕೆಲಸವು ಕೊಲ್ಲಿಯ ತಳವನ್ನು ಬರಿದು ಮಾಡುತ್ತಿತ್ತು, ಮೆಕ್ಸಿಕೊದ ಜನರ ಆಹಾರವನ್ನು ಹಾಳು ಮಾಡುತ್ತಿತ್ತು. ಕೇಡು ಮಾಡುವವರು ಕೆಟ್ಟವರೇ ಆಗಿರಬೇಕಾಗಿಲ್ಲ ಎಂಬ ಈ ಅವಲೋಕನದಲ್ಲಿ ರಿಕೆಟ್ಸ್ ಅವರ ಚಿಂತನೆಯ ಗುರುತು ಸ್ಪಷ್ಟವಾಗಿದೆ. ಸಿಗಡಿಯ ಸಂತಾನೋತ್ಪತ್ತಿಯನ್ನು ಸರಿಯಾಗಿ ಅಧ್ಯಯನ ಮಾಡಿ ಹಿಡಿಯುವಿಕೆಗೆ ಮಿತಿ ಹಾಕಬೇಕೆಂಬ ಸಲಹೆಯೂ ಗ್ರಂಥದಲ್ಲಿದೆ.

ಗ್ರಂಥದ ಮುಂದಿನ ಚರಿತ್ರೆ ರಿಕೆಟ್ಸ್ ಅವರ ಪಾಲಿಗೆ ನ್ಯಾಯವಾಗಿರಲಿಲ್ಲ. 1951ರಲ್ಲಿ ಜೀವಿಗಳ ಪಟ್ಟಿಯನ್ನು ಕೈಬಿಟ್ಟು ಯಾತ್ರಾಕಥನವನ್ನು ಮಾತ್ರ 'ದ ಲಾಗ್ ಫ್ರಮ್ ದ ಸೀ ಆಫ್ ಕೋರ್ಟೆಸ್' ಎಂದು ಮರುಮುದ್ರಿಸಿದಾಗ ಲೇಖಕರ ಸ್ಥಾನದಲ್ಲಿ ಸ್ಟೈನ್‌ಬೆಕ್ ಅವರ ಹೆಸರೊಂದೇ ಉಳಿಯಿತು. ಗೆಳೆಯನನ್ನು ಕುರಿತ ಆತ್ಮೀಯವಾದ ಒಂದು ದೀರ್ಘ ಲೇಖನವನ್ನು ಅದೇ ಪುಸ್ತಕದ ಆರಂಭಕ್ಕೆ ಅವರು ಸೇರಿಸಿದರು. ಹೀಗೆ, ಸಹಲೇಖಕರಾಗಿದ್ದವರು ತಮ್ಮದೇ ಪುಸ್ತಕದಲ್ಲಿ ಒಂದು ಪಾತ್ರವಾದರು.

ಸಾರ್ಡೀನ್ ಮೀನುಗಾರಿಕೆಯ ಅಧ್ಯಯನ

ಮಾಂಟೆರೆಯ ಸಾರ್ಡೀನ್ ಕರ್ನಾಟಕದ ಕರಾವಳಿಯಲ್ಲಿ ಬೂತಾಯಿ ಎಂದು ಕರೆಯುವ ಮೀನಿನ ಬಳಗಕ್ಕೆ ಸೇರಿದ್ದು. ಆದರೆ ಪ್ರಭೇದ ಬೇರೆ, ಗಾತ್ರದಲ್ಲಿಯೂ ದೊಡ್ಡದು. ಹಿಂಡುಹಿಂಡಾಗಿ ಸಂಚರಿಸುವ ಈ ಮೀನು ಪ್ಲವಕಗಳೆಂಬ ಸೂಕ್ಷ್ಮಜೀವಿಗಳನ್ನು ತಿಂದು ಬದುಕುತ್ತದೆ. ದಕ್ಷಿಣದ ಬೆಚ್ಚನೆಯ ನೀರಿನಲ್ಲಿ ಮೊಟ್ಟೆಯಿಟ್ಟು, ಬೆಳೆದಂತೆ ಉತ್ತರಕ್ಕೆ ವಲಸೆ ಹೋಗುತ್ತದೆ. ವಯಸ್ಸಾದ ದೊಡ್ಡ ಮೀನುಗಳು ಕೆನಡದ ವ್ಯಾಂಕೂವರ್ ದ್ವೀಪದವರೆಗೂ ಹೋಗುತ್ತಿದ್ದವು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆರಂಭವಾದ ಮಾಂಟೆರೆಯ ಡಬ್ಬಿ ಮೀನಿನ ಉದ್ಯಮವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಬ್ಬಿತು. ರಾತ್ರಿ ಹಿಡಿದ ಮೀನು ದಡ ಸೇರಿದೊಡನೆ ಕಾರ್ಖಾನೆಗಳು ಸಿಳ್ಳೆ ಊದುತ್ತಿದ್ದವು. ಒಂದೊಂದು ಕಾರ್ಖಾನೆಯ ಸಿಳ್ಳೆಗೂ ಒಂದೊಂದು ಸ್ವರ. ತಮ್ಮ ಕಾರ್ಖಾನೆಯ ಸ್ವರವನ್ನು ಗುರುತಿಸಿ ಕೆಲಸಗಾರರು, ಅವರಲ್ಲಿ ಬಹುಮಂದಿ ಹೆಂಗಸರು, ಯಾವ ಹೊತ್ತಾದರೂ ಎದ್ದು ಬರುತ್ತಿದ್ದರು. ಆದರೆ ಲಾಭದ ಮೂಲ ಡಬ್ಬಿಗಳಲ್ಲಿ ಇರಲಿಲ್ಲ. ಮೀನನ್ನು ಬೇಯಿಸಿ ಹಿಂಡಿ ಎಣ್ಣೆ ತೆಗೆದು, ಉಳಿದುದನ್ನು ಒಣಗಿಸಿ ಪುಡಿ ಮಾಡಿ, ಕೋಳಿಯ ಆಹಾರವಾಗಿಯೂ ಗೊಬ್ಬರವಾಗಿಯೂ ಮಾರುವುದು ಹೆಚ್ಚು ಲಾಭದಾಯಕವಾಗಿತ್ತು. ಹಿಡಿದುದರಲ್ಲಿ ಇಂತಿಷ್ಟನ್ನು ಡಬ್ಬಿಗೆ ಹಾಕಲೇಬೇಕೆಂದು ರಾಜ್ಯದ ಕಾನೂನು ವಿಧಿಸಿದಾಗ, ರಾಜ್ಯದ ಅಧಿಕಾರವಿಲ್ಲದ ಮೂರು ಮೈಲಿ ಆಚೆಯ ಕಡಲಿನಲ್ಲಿ ಹಡಗುಗಳನ್ನೇ ಕಾರ್ಖಾನೆಗಳನ್ನಾಗಿ ಮಾಡಿ ನಿಲ್ಲಿಸಿದವರೂ ಇದ್ದರು. 1936–37ರ ಋತುವಿನಲ್ಲಿ ಕ್ಯಾಲಿಫೋರ್ನಿಯಾ ಒಂದರಲ್ಲಿಯೇ ಏಳು ಲಕ್ಷ ಟನ್ನುಗಳಿಗೂ ಮೀರಿ ಸಾರ್ಡೀನ್ ಹಿಡಿಯಲಾಯಿತು. ರಾಜ್ಯದ ಮೀನು ಇಲಾಖೆಯ ಜೀವವಿಜ್ಞಾನಿಗಳು ವರ್ಷಕ್ಕೆ ಎರಡರಿಂದ ಮೂರು ಲಕ್ಷ ಟನ್ನುಗಳ ಮಿತಿಯನ್ನು ಸೂಚಿಸುತ್ತಲೇ ಇದ್ದರು. ಕೇಂದ್ರ ಸರ್ಕಾರದ ಮೀನುಗಾರಿಕೆ ತಜ್ಞರು ಅದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದರು. ಉದ್ಯಮಿಗಳಿಗೆ ಇಷ್ಟೇ ಸಾಕಾಯಿತು.

ಎರಡನೆಯ ಮಹಾಯುದ್ಧದಲ್ಲಿ ನಲವತ್ತೈದರ ವಯಸ್ಸಿನಲ್ಲಿ ರಿಕೆಟ್ಸ್ ಮತ್ತೊಮ್ಮೆ ಸೇನೆಗೆ ಸೇರಬೇಕಾಯಿತು. ಮಾಂಟೆರೆಯಲ್ಲಿಯೇ ವೈದ್ಯಕೀಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಬಿಡುಗಡೆಯಾದ ಮೇಲೆ ಜೀವನೋಪಾಯಕ್ಕಾಗಿ ಮೀನು ಕಾರ್ಖಾನೆಯೊಂದರಲ್ಲಿ ರಸಾಯನ ಪರೀಕ್ಷಕರಾದರು. ಸಾರ್ಡೀನ್ ಉದ್ಯಮವನ್ನು ಅವರು ಹೊರಗಿನಿಂದ ಟೀಕಿಸಿದವರಲ್ಲ. ಅದರ ಅನ್ನವನ್ನು ಉಂಡವರು, ಅದರಿಂದ ಬಾಳುವ ಜನರ ನಡುವೆ ಬಾಳಿದವರು.

ಕುಸಿತವು ಹಠಾತ್ತಾಗಿ ಬಂದಿತು. 1941–42ರಲ್ಲಿ ಮಾಂಟೆರೆಯಲ್ಲಿ ಸುಮಾರು ಎರಡೂವರೆ ಲಕ್ಷ ಟನ್ನು ಮೀನು ದಡಕ್ಕೆ ಬಂದಿತ್ತು. 1947–48ರಲ್ಲಿ ಅದು ಇಪ್ಪತ್ತು ಸಾವಿರ ಟನ್ನುಗಳನ್ನೂ ಮುಟ್ಟಲಿಲ್ಲ. ದಕ್ಷಿಣದ ಬಂದರುಗಳಲ್ಲಿ ಹಿಡಿದ ಮೀನನ್ನು ಲಾರಿಗಳಲ್ಲಿ ತರಿಸಿಕೊಂಡು ಕಾರ್ಖಾನೆಗಳು ಕೆಲಸ ಸಾಗಿಸಬೇಕಾಯಿತು. ಯುದ್ಧದ ನೌಕೆಗಳು, ಸಿಡಿಮದ್ದು, ಬದಲಾದ ಪ್ರವಾಹ ಎಂದು ಊರಿನಲ್ಲಿ ನಾನಾ ಬಗೆಯ ಊಹೆಗಳು ಹುಟ್ಟಿದವು. ಸ್ಥಳೀಯ ದಿನಪತ್ರಿಕೆಯಾದ ಮಾಂಟೆರೆ ಪೆನಿನ್ಸುಲ ಹೆರಾಲ್ಡ್ ವರ್ಷಕ್ಕೊಮ್ಮೆ ಹೊರತರುತ್ತಿದ್ದ ಸಾರ್ಡೀನ್ ಸಂಚಿಕೆಗೆ 1947 ಮತ್ತು 1948ರಲ್ಲಿ ರಿಕೆಟ್ಸ್ ಲೇಖನಗಳನ್ನು ಬರೆದು ತಮ್ಮ ನಿರ್ಣಯಗಳನ್ನು ಮುಂದಿಟ್ಟರು. ಪಂಡಿತರ ಪತ್ರಿಕೆಯನ್ನು ಬಿಟ್ಟು, ಮೀನುಗಾರರೂ ಕಾರ್ಖಾನೆಯವರೂ ಬೆಳಗ್ಗೆ ಓದುವ ಪತ್ರಿಕೆಯಲ್ಲಿ ಅವು ಪ್ರಕಟವಾದುದು ಮುಖ್ಯವಾದ ಅಂಶ.

ಅವರ ವಾದದ ಮೊದಲ ಹೆಜ್ಜೆ ಪ್ಲವಕ. ಗಾಳಿ ತೀರದ ಮೇಲ್ನೀರನ್ನು ಹೊರಕ್ಕೆ ತಳ್ಳಿದಾಗ ಆಳದ ತಣ್ಣನೆಯ ನೀರು ಮೇಲೇರಿ ಬರುತ್ತದೆ. ಅದರ ಜೊತೆಯಲ್ಲಿ ಪೋಷಕ ಲವಣಗಳೂ ಬರುತ್ತವೆ. ಹೊಲಕ್ಕೆ ಗೊಬ್ಬರ ಬಿದ್ದಂತೆ ಕಡಲಿನಲ್ಲಿ ಸೂಕ್ಷ್ಮಸಸ್ಯಗಳು ಹುಲುಸಾಗುತ್ತವೆ. ಈ ಕ್ರಿಯೆ ಎಲ್ಲ ವರ್ಷಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಮೇವು ಕಡಿಮೆಯಾದ ವರ್ಷ ಮರಿಗಳು ಉಳಿಯುವುದಿಲ್ಲ, ಉಳಿದವು ಕೊಬ್ಬುವುದಿಲ್ಲ. ಆದ್ದರಿಂದ ಸಾರ್ಡೀನಿನ ಸಂಖ್ಯೆಯಲ್ಲಿ ಏರಿಳಿತವಿರುವುದು ಸ್ವಭಾವಸಿದ್ಧ. ಇಲ್ಲಿಯವರೆಗೆ ಅವರ ಮಾತು ಉದ್ಯಮಿಗಳಿಗೆ ಹಿತವಾಗಿಯೇ ಕೇಳಿಸಿರಬೇಕು. ಎರಡನೆಯ ಹೆಜ್ಜೆ ಹಾಗಿರಲಿಲ್ಲ. ಪ್ರಕೃತಿಯು ಕೈಬಿಗಿ ಹಿಡಿದ ವರ್ಷಗಳಲ್ಲಿ ಮನುಷ್ಯನೂ ಕೈಬಿಗಿ ಹಿಡಿಯಬೇಕಾಗಿತ್ತು. ಆದುದು ವಿಪರೀತ: ಮೀನು ಕಡಿಮೆಯಾದಷ್ಟೂ ಬೆಲೆ ಏರಿತು, ಬೆಲೆ ಏರಿದಷ್ಟೂ ದೋಣಿಗಳು ಹೆಚ್ಚಿದವು, ಮೊಟ್ಟೆಯಿಡಬೇಕಾಗಿದ್ದ ಹಿರಿಯ ಮೀನುಗಳು ಮೊದಲು ಮುಗಿದವು. ಅತಿ ದೂರ ವಲಸೆ ಹೋಗುತ್ತಿದ್ದವು ಆ ಹಿರಿಯ ಮೀನುಗಳೇ ಆದುದರಿಂದ ಉತ್ತರದ ಬಂದರುಗಳು ಮೊದಲು ಬರಿದಾದವು. 1945 ಮತ್ತು 1946ರ ಬೇಸಿಗೆಗಳಲ್ಲಿ ರಿಕೆಟ್ಸ್ ವ್ಯಾಂಕೂವರ್ ದ್ವೀಪದ ಪಶ್ಚಿಮ ತೀರದಲ್ಲಿ ಸಂಗ್ರಹ ಕಾರ್ಯಕ್ಕೆಂದು ಸಂಚರಿಸಿದ್ದರು. ಮಾಂಟೆರೆಯ ಸಮಸ್ಯೆಯನ್ನು ಮಾಂಟೆರೆಯಿಂದಷ್ಟೇ ನೋಡದೆ ಇಡೀ ಕರಾವಳಿಯ ಮೀನುಸಂಕುಲವನ್ನು ಒಂದಾಗಿ ನೋಡಲು ಈ ಓಡಾಟವೂ ಕಾರಣವಾಗಿರಬಹುದು.

ಕಾಣೆಯಾದ ಸಾರ್ಡೀನ್ ಎಲ್ಲಿಗೂ ಓಡಿಹೋಗಿಲ್ಲ, ಡಬ್ಬಿಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ಪುಡಿಯ ಚೀಲಗಳನ್ನೂ ಸೇರಿದೆ ಎಂಬುದು ಅವರ ವಿಶ್ಲೇಷಣೆಯ ತಾತ್ಪರ್ಯವಾಗಿತ್ತು. ಕಾಲಕ್ಕೆ ಸರಿಯಾಗಿ ಮಿತಿಯನ್ನು ಒಪ್ಪಿಕೊಂಡಿದ್ದರೆ ಕಾರ್ಖಾನೆಗಳ ಬೀದಿ ಚಿಕ್ಕದಾಗಿ, ಆದರೆ ಜೀವಂತವಾಗಿ ಉಳಿಯುತ್ತಿತ್ತೆಂದು ಅವರು ಅಭಿಪ್ರಾಯಪಟ್ಟರು. ಪ್ರಕೃತಿಯನ್ನಾಗಲಿ ಉದ್ಯಮವನ್ನಾಗಲಿ ಏಕೈಕ ಅಪರಾಧಿಯಾಗಿ ಮಾಡದ ಈ ವಿವೇಚನೆ ಅಂದು ಯಾವ ಪಕ್ಷಕ್ಕೂ ರುಚಿಸುವಂತಿರಲಿಲ್ಲ. ಮಿತಿಯನ್ನು ಯಾರೂ ವಿಧಿಸಲಿಲ್ಲ. 1967ರಲ್ಲಿ ಕ್ಯಾಲಿಫೋರ್ನಿಯಾ ಸಾರ್ಡೀನ್ ಹಿಡಿಯುವುದನ್ನು ನಿಷೇಧಿಸಿದಾಗ ಕಾಯ್ದುಕೊಳ್ಳಲು ಹೆಚ್ಚೇನೂ ಉಳಿದಿರಲಿಲ್ಲ. ಮೀನುಗಾರಿಕೆಯು ಮಿತ ಪ್ರಮಾಣದಲ್ಲಿ ಪುನರಾರಂಭವಾದುದು 1986ರಲ್ಲಿ.

ಆ ಬಳಿಕದ ಸಂಶೋಧನೆಗಳು ರಿಕೆಟ್ಸ್ ಅವರ ಚಿತ್ರಕ್ಕೆ ಹಲವು ತಿದ್ದುಪಡಿಗಳನ್ನು ಸೂಚಿಸಿವೆ. ಸಾಂಟ ಬಾರ್ಬರದ ಬಳಿ ಕಡಲತಳದ ಕೆಸರಿನ ಪದರಗಳಲ್ಲಿ ಹುದುಗಿದ್ದ ಮೀನಿನ ಹುರುಪೆಗಳನ್ನು ಎಣಿಸಿದ ಸ್ಕ್ರಿಪ್ಸ್ ಸಂಸ್ಥೆಯ ವಿಜ್ಞಾನಿಗಳು, ದೊಡ್ಡ ಪ್ರಮಾಣದ ಮೀನುಗಾರಿಕೆ ಆರಂಭವಾಗುವ ಶತಮಾನಗಳ ಮುಂಚೆಯೂ ಸಾರ್ಡೀನ್ ಹಲವು ಬಾರಿ ಹೆಚ್ಚಿ, ಹಲವು ಬಾರಿ ಅಡಗಿತ್ತೆಂದು ತೋರಿಸಿದರು. ಶಾಂತಸಾಗರದ ಉಷ್ಣತೆಯು ದಶಕಗಳ ಅವಧಿಯಲ್ಲಿ ಬದಲಾಗುವುದೂ ತಿಳಿದುಬಂದಿತು. ಕುಸಿತದಲ್ಲಿ ಹವೆಯ ಪಾಲೆಷ್ಟು, ಬಲೆಯ ಪಾಲೆಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕೆಂಬ ರಿಕೆಟ್ಸ್ ಅವರ ಮೂಲ ನಿಲುವು ಮಾತ್ರ ಬದಲಾಗಿಲ್ಲ. 1949ರಲ್ಲಿ ಇದೇ ಸಾರ್ಡೀನ್ ಪ್ರಶ್ನೆಯ ಕಾರಣದಿಂದ ಆರಂಭವಾದ ಕ್ಯಾಲಿಫೋರ್ನಿಯಾ ಕರಾವಳಿಯ ಸಾಗರ ಸಮೀಕ್ಷೆಯು ನೀರಿನ ಉಷ್ಣತೆ, ಲವಣ, ಪ್ಲವಕ, ಮೀನಿನ ಮರಿ ಇವೆಲ್ಲವನ್ನೂ ಒಟ್ಟಿಗೆ ಅಳೆಯುತ್ತ ಇಂದಿಗೂ ನಡೆಯುತ್ತಿದೆ.

ಕೊನೆಯ ದಿನಗಳು ಮತ್ತು ಮರಣ

ಕುಟುಂಬ ಜೀವನದಲ್ಲಿ ರಿಕೆಟ್ಸ್ ಅವರಿಗೆ ನೆಮ್ಮದಿಯಿರಲಿಲ್ಲ. ಪತ್ನಿಯೊಡನೆ ಬಹುಕಾಲದ ಹಿಂದೆಯೇ ಬೇರೆಯಾಗಿದ್ದರು. ಅನಂತರ ಅವರ ಸಂಗಾತಿಯಾಗಿದ್ದ ಟೋನಿ ಜಾಕ್ಸನ್ ಹಸ್ತಪ್ರತಿಗಳ ಕೆಲಸದಲ್ಲಿಯೂ ನೆರವಾಗುತ್ತಿದ್ದರು. ಅವರ ಮಗಳು 1947ರಲ್ಲಿ ಮೆದುಳಿನ ಗೆಡ್ಡೆಯಿಂದ ತೀರಿಕೊಂಡ ಬಳಿಕ ಟೋನಿ ಊರು ಬಿಟ್ಟರು. 1948ರ ಜನವರಿಯಲ್ಲಿ ರಿಕೆಟ್ಸ್ ಆಲಿಸ್ ಕ್ಯಾಂಬೆಲ್ ಎಂಬ ವಿದ್ಯಾರ್ಥಿನಿಯನ್ನು ವಿವಾಹವಾದರು.

ಕ್ಯಾಲಿಫೋರ್ನಿಯಾ, ಮೆಕ್ಸಿಕೊದ ಕೊಲ್ಲಿ, ಉತ್ತರದ ದ್ವೀಪಗಳು ಎಂದು ಮೂರು ಗ್ರಂಥಗಳಲ್ಲಿ ಶಾಂತಸಾಗರದ ಪೂರ್ವ ತೀರವನ್ನು ವಿವರಿಸುವುದು ಅವರ ಹಂಬಲವಾಗಿತ್ತು. ಮೂರನೆಯದಕ್ಕೆ 'ದ ಔಟರ್ ಶೋರ್ಸ್' ಎಂದು ಹೆಸರಿಟ್ಟು ಟಿಪ್ಪಣಿಗಳನ್ನು ಸಿದ್ಧಪಡಿಸಿದ್ದರು. 1948ರ ಬೇಸಿಗೆಯಲ್ಲಿ ಸ್ಟೈನ್‌ಬೆಕ್ ಅವರೊಡನೆ ಕ್ವೀನ್ ಷಾರ್ಲಟ್ ದ್ವೀಪಗಳಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಮೇ 8ರ ಸಂಜೆ ರಿಕೆಟ್ಸ್ ಪ್ರಯೋಗಾಲಯದಿಂದ ತಮ್ಮ ಹಳೆಯ ಕಾರಿನಲ್ಲಿ ಹೊರಟು, ಬೀದಿಯ ಮೇಲುಭಾಗದ ರೈಲುಹಳಿಯನ್ನು ದಾಟುತ್ತಿದ್ದಾಗ ಡೆಲ್ ಮಾಂಟೆ ಎಕ್ಸ್‌ಪ್ರೆಸ್ ರೈಲು ಡಿಕ್ಕಿ ಹೊಡೆಯಿತು. ಮೂರು ದಿನ ಆಸ್ಪತ್ರೆಯಲ್ಲಿದ್ದು ಮೇ 11ರಂದು ನಿಧನರಾದರು. ಐವತ್ತೊಂದು ತುಂಬಲು ಮೂರು ದಿನಗಳಿದ್ದವು. ನ್ಯೂಯಾರ್ಕಿನಿಂದ ಧಾವಿಸಿದ ಸ್ಟೈನ್‌ಬೆಕ್ ಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಉತ್ತರದ ಯಾತ್ರೆಗಳ ಟಿಪ್ಪಣಿಗಳು ಹೆಜ್‌ಪೆತ್ ಅವರ ಸಂಪಾದಕತ್ವದಲ್ಲಿ ಮುದ್ರಣಗೊಳ್ಳಲು ಮೂರು ದಶಕಗಳು ಹಿಡಿದವು.

ಸ್ಮರಣೆ

'ಕ್ಯಾನರಿ ರೋ' (1945) ಮತ್ತು ಅದರ ಮುಂದುವರಿಕೆಯಾದ 'ಸ್ವೀಟ್ ಥರ್ಸ್‌ಡೇ' (1954) ಕಾದಂಬರಿಗಳ ಡಾಕ್ ಉದಾರಿ, ರಸಿಕ, ಊರಿನ ಬಡವರ ಬಂಧು. ಕಾದಂಬರಿಯ ಡಾಕ್ ವ್ಯವಸ್ಥಿತವಾಗಿ ಸಂಶೋಧನೆ ನಡೆಸಿದ್ದು ಅಷ್ಟಾಗಿ ಕಾಣಿಸುವುದಿಲ್ಲ; ನಿಜವಾದ ರಿಕೆಟ್ಸ್ ಅವರ ಹಗಲುರಾತ್ರಿಗಳ ಬಹುಭಾಗ ಅದಕ್ಕೇ ಸಂದಿತ್ತು. ಕ್ಯಾಥರೀನ್ ರಾಜರ್ ಅವರು ರಿಕೆಟ್ಸ್ ಅವರ ಪತ್ರಗಳನ್ನು 2002ರಲ್ಲಿಯೂ ಪ್ರಬಂಧಗಳನ್ನು 2006ರಲ್ಲಿಯೂ ಸಂಪಾದಿಸಿ ಪ್ರಕಟಿಸಿದ ಮೇಲೆ ವಿಜ್ಞಾನಿಯ ಪರಿಚಯ ಓದುಗರಿಗೆ ನೇರವಾಗಿ ಆಗತೊಡಗಿತು. 2004ರಲ್ಲಿ ಸಾಗರ ವಿಜ್ಞಾನಿಗಳ ತಂಡವೊಂದು 1940ರ ಯಾತ್ರೆಯ ಜಾಡಿನಲ್ಲಿಯೇ ಕ್ಯಾಲಿಫೋರ್ನಿಯ ಕೊಲ್ಲಿಯನ್ನು ಸುತ್ತಿ, ಅವರ ಪಟ್ಟಿಯನ್ನು ಅಳತೆಗೋಲಾಗಿ ಇಟ್ಟುಕೊಂಡು ಅರವತ್ತು ವರ್ಷಗಳ ಬದಲಾವಣೆಯನ್ನು ಪರೀಕ್ಷಿಸಿತು. ದೊಡ್ಡ ಗಾತ್ರದ ಜೀವಿಗಳು ಹಲವೆಡೆ ವಿರಳವಾಗಿದ್ದವು.

ಹಲವು ಸಾಗರಜೀವಿಗಳಿಗೆ ಅವರ ಹೆಸರನ್ನಿಡಲಾಗಿದೆ. ಮಾಂಟೆರೆಯ ತೀರದ ಒಂದು ಭಾಗವು ಅವರ ಹೆಸರಿನ ಸಂರಕ್ಷಿತ ಸಾಗರ ಪ್ರದೇಶವಾಗಿದೆ. 1973ರಲ್ಲಿ ಮುಚ್ಚಿದ ಹೋವ್ಡನ್ ಮೀನು ಕಾರ್ಖಾನೆಯ ಜಾಗದಲ್ಲಿ 1984ರಲ್ಲಿ ಮಾಂಟೆರೆ ಬೇ ಅಕ್ವೇರಿಯಂ ಆರಂಭವಾಯಿತು. ಮಾಂಟೆರೆಯ ಸಾಗರ ಸಂಶೋಧನಾ ಸಂಸ್ಥೆಯ ಆಳಕಡಲಿನ ದೂರನಿಯಂತ್ರಿತ ಜಲಯಂತ್ರವೊಂದರ ಹೆಸರು ಡಾಕ್ ರಿಕೆಟ್ಸ್. ವೆಸ್ಟರ್ನ್ ಫ್ಲೈಯರ್ ದೋಣಿಯನ್ನು ದುರಸ್ತಿ ಮಾಡಿ ಶಿಕ್ಷಣ ಮತ್ತು ಸಂಶೋಧನೆಗೆ ಬಳಸಲಾಗುತ್ತಿದೆ. ಕ್ಯಾನರಿ ರೋ ಬೀದಿಯ 800ನೆಯ ಸಂಖ್ಯೆಯ ಪ್ರಯೋಗಾಲಯದ ಕಟ್ಟಡವನ್ನು ಮಾಂಟೆರೆ ನಗರಾಡಳಿತವು 1993ರಲ್ಲಿ ಕೊಂಡು ಕಾಪಾಡಿಕೊಂಡು ಬಂದಿದೆ. ಅಪಘಾತ ನಡೆದ ಸ್ಥಳದಲ್ಲಿ ಅವರ ಎದೆಮಟ್ಟದ ಪ್ರತಿಮೆಯಿದೆ; ರೈಲುಹಳಿ ಈಗ ಇಲ್ಲ, ಅದರ ಜಾಗದಲ್ಲಿ ಜನರು ನಡೆದಾಡುವ ದಾರಿಯಿದೆ.